ತೊಂಬತ್ತೆರಡು ಅಂಕದ ಮನುಷ್ಯ

ಹಲಗೆಯ ಮುಂದೆ ನಿಂತು ಇವತ್ತು ಯಾವ ಬಣ್ಣದ ಗುಂಡಿ ಸಿಕ್ಕಿಸುವುದೆಂದು ಅವನು ಒಂದು ಗಳಿಗೆ ಯೋಚಿಸಿದ. ಹಸಿರು ಎಂದರೆ ಮನಸ್ಸು ಪ್ರಸನ್ನವಾಗಿದೆ, ಹಳದಿ ಎಂದರೆ ಪರವಾಗಿಲ್ಲ, ಕೆಂಪು ಎಂದರೆ ಯಾರಾದರೂ ನನ್ನ ಜೊತೆ ಮಾತಾಡಿ. ಆರು ಆಸ್ಪತ್ರೆಗಳ ಹೊಲಸು ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಮಡಿಸಿ ಕಳಿಸುವ ಕಾರ್ಖಾನೆಯ ಬಾಗಿಲಲ್ಲಿ ಇಂಥದೊಂದು ಹಲಗೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬಾಯ್ಲರಿನವನು ದಿನಾ ಹಸಿರನ್ನೇ ಸಿಕ್ಕಿಸುತ್ತಾನೆ, ಆ ಡಬ್ಬ ಅವನ ಕೈಗೆ ಹತ್ತಿರ ಇರುವುದರಿಂದ. ಇಸ್ತ್ರಿಯ ಹೆಂಗಸರು ಮೊದಲು ಬಂದವಳು ಯಾವುದನ್ನು ಹಾಕಿದಳೋ ಅದನ್ನೇ ಸಾಲಾಗಿ ಹಾಕಿ ಒಳಗೆ ಹೋಗುತ್ತಾರೆ. ಒಮ್ಮೆ ಲಾರಿಗೆ ಗಂಟು ಹೇರುವವನೊಬ್ಬ ನಿಜವಾಗಿಯೂ ಕೆಂಪು ಹಾಕಿದ. ಮ್ಯಾನೇಜರು ಅವನನ್ನು ಕೋಣೆಗೆ ಕರೆದು, ಚಹಾ ಕೊಟ್ಟು, ಅರ್ಧ ಗಂಟೆ ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಹೊರಗೆ ನಲವತ್ತು ಗಂಟು ಬಿದ್ದಿದ್ದವು. ಅಂದಿನಿಂದ ಕೆಂಪು ಗುಂಡಿಗಳ ಡಬ್ಬ ತುಂಬಿದ್ದು ತುಂಬಿದ ಹಾಗೇ ಇದೆ. ಅವನು ಮಾತ್ರ ಯಾವಾಗಲೂ ಹಳದಿ. ಹಸಿರು ಹಾಕುವವನು ದಡ್ಡ, ಕೆಂಪು ಹಾಕುವವನು ಇನ್ನೂ ದಡ್ಡ. ಆದರೆ ಇವತ್ತು ಹನ್ನೊಂದಕ್ಕೆ ಖುದ್ದು ಮಾಲೀಕರು ಬರುವವರಿದ್ದರು. ಹಸಿರನ್ನು ಎತ್ತಿಕೊಂಡು, ಎಲ್ಲರಿಗೂ ಕಾಣುವ ಹಾಗೆ ನಡುಮಧ್ಯದ ತೂತಿಗೆ ಸಿಕ್ಕಿಸಿದ.

ಈ ಹಲಗೆ, ಗುಂಡಿ ಎಲ್ಲ ತರಬೇತಿಯಾಕೆಯ ಕಾಣಿಕೆ. ಮೂರು ತಿಂಗಳ ಹಿಂದೆ ಮ್ಯಾನೇಜರು ಆಕೆಯನ್ನು ಎಲ್ಲಿಂದಲೋ ಹುಡುಕಿಕೊಂಡು ಬಂದಿದ್ದರು. ಮೆತ್ತಗಿನ ದನಿ, ಮೆತ್ತಗಿನ ಚಪ್ಪಲಿ, ಯಾರು ಏನು ಹೇಳಿದರೂ ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳುವ ಹೆಂಗಸು. ಇನ್ನೊಬ್ಬರ ಮನಸ್ಸನ್ನು ಅರಿಯುವ ಬುದ್ಧಿ ಇದ್ದಲ್ಲಿ ಹೊಸ ಯೋಚನೆಗಳು ತಾವಾಗಿ ಹುಟ್ಟುತ್ತವೆ ಎಂದು ಆಕೆ ಹೇಳಿದಾಗ ಮ್ಯಾನೇಜರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಎನ್ನುವುದನ್ನು ಇಷ್ಟು ಸುತ್ತಿ ಬಳಸಿ ಹೇಳಬೇಕೆ ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅವನಿಗೆ ನಗು ಬಂದಿತ್ತು. ಆಮೇಲೆ ಪರೀಕ್ಷೆ. ಜೊತೆಯಲ್ಲಿ ಕೆಲಸ ಮಾಡುವವರು ಅಳುತ್ತಿದ್ದರೆ ನೀವು ಏನು ಮಾಡುತ್ತೀರಿ, ಕೆಳಗಿನ ನಾಲ್ಕರಲ್ಲಿ ಒಂದನ್ನು ಗುರುತಿಸಿ. ಪ್ರಶ್ನೆ ಮಾಡಿದವಳಿಗೆ ಯಾವ ಉತ್ತರ ಬೇಕು ಎಂಬುದು ಪ್ರಶ್ನೆಯಲ್ಲೇ ಬರೆದಂತಿತ್ತು. ಅವನಿಗೆ ನೂರಕ್ಕೆ ತೊಂಬತ್ತೆರಡು ಬಂತು. ಮ್ಯಾನೇಜರಿಗೇ ಅರವತ್ತೊಂದು. ತರಬೇತಿಯಾಕೆ ಅವನ ಎರಡೂ ಕೈ ಹಿಡಿದುಕೊಂಡು, "ಇದು ಹುಟ್ಟಿನಿಂದ ಬಂದ ಗುಣ ಸಾರ್, ಕಲಿಸೋಕಾಗಲ್ಲ" ಎಂದಳು. ಹುಟ್ಟಿನಿಂದ ಬಂದದ್ದೇನೂ ಅಲ್ಲ. ಚಿಕ್ಕವನಿದ್ದಾಗ ಅಪ್ಪ ಬೀದಿಯ ತಿರುವಿನಲ್ಲಿ ಕೆಮ್ಮಿದರೆ ಸಾಕು, ಇವತ್ತು ಎದುರಿಗೆ ಹೋಗಬಹುದೋ ಮಂಚದ ಕೆಳಗೆ ತೂರಬೇಕೋ ಎಂದು ಅವನಿಗೆ ತಿಳಿಯುತ್ತಿತ್ತು. ಏಟು ತಿಂದ ನಾಯಿಗಳಿಗೂ ಬರುವ ವಿದ್ಯೆ ಅದು. ತಮ್ಮನಿಗೆ ಬರಲಿಲ್ಲ, ಅವನು ಹೊಡೆಸಿಕೊಂಡ. ತಮ್ಮನನ್ನು ಒಂದು ಸಲವೂ ಎಚ್ಚರಿಸಲಿಲ್ಲ ಎಂಬುದು ತರಬೇತಿಯ ಕೋಣೆಯಲ್ಲಿ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ, ಯಾಕೋ ನೆನಪಾಗಿ ಮುಜುಗರವಾಯಿತು.

ಕೊಳೆ ವಿಭಾಗದ ಬಾಗಿಲು ತಳ್ಳಿದಾಗ ಆ ವಾಸನೆ ಎಂದಿನಂತೆ ಮೊದಲು ಗಂಟಲಿಗೆ ಬಂತು. ಹನ್ನೊಂದು ವರ್ಷದಿಂದ ಅವನು ಈ ವಿಭಾಗದ ಮೇಲ್ವಿಚಾರಕ. ರಕ್ತ, ಮೂತ್ರ, ಔಷಧಿ, ರೋಗಿಗಳ ಬೆವರು, ಅದರ ಮೇಲೆ ಫಿನಾಯಿಲು. ಮನೆಗೆ ಹೋಗಿ ಎರಡು ಸಲ ಸೋಪು ಹಚ್ಚಿದರೂ ಹೆಂಡತಿ ಊಟ ಬಡಿಸಿ ಅರ್ಧ ಮೊಳ ದೂರ ಕೂರುತ್ತಾಳೆ. ಮೇಲಿನ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇದೆ. ಬೀದಿಯ ಕಡೆಗೆ ಕಿಟಕಿ, ಮೇಜು, ಬಾಗಿಲ ಮೇಲೆ ಹೆಸರಿನ ಫಲಕ. ಈ ವರ್ಷ ಕಾರ್ಖಾನೆಗೆ ಉಪಯೋಗವಾಗುವ ಹೊಸ ವಿಧಾನ ಕಂಡುಹಿಡಿದವರಿಗೆ ಆ ಕೋಣೆ ಎಂದು ಮ್ಯಾನೇಜರು ಸಾರಿದ್ದರು. ಅವನಿಗೆ ಬೇಕಾದದ್ದು ಅಷ್ಟೇ. ಕೀರ್ತಿಯಲ್ಲ, ಕಿಟಕಿ. ಈ ವಾಸನೆಯಿಂದ ಹದಿನೆಂಟು ಮೆಟ್ಟಿಲು ಮೇಲಕ್ಕೆ.

ಒಳಗೆ ಮೂರು ಮೇಜು, ಮೂವರು ಹೆಂಗಸರು. ಆಸ್ಪತ್ರೆಗಳಿಂದ ಬಂದ ಚೀಲಗಳನ್ನು ಬಿಚ್ಚಿ, ಬಟ್ಟೆಗಳನ್ನು ಬೇರೆ ಬೇರೆ ಮಾಡಿ ಯಂತ್ರಕ್ಕೆ ಕಳಿಸುವುದು ಅವರ ಕೆಲಸ. ಚಾದರಗಳ ಮಡಿಕೆಯಲ್ಲಿ ದಾದಿಯರು ಮರೆತುಬಿಟ್ಟ ಏನೆಲ್ಲ ಸಿಗುತ್ತದೆ: ಕತ್ತರಿ, ಕ್ಲಿಪ್ಪು, ಯಾರದೋ ಹಲ್ಲಿನ ಸೆಟ್ಟು, ಇಂಜೆಕ್ಷನ್ ಸೂಜಿ. ಭಯ ಇರುವುದು ಸೂಜಿಗೆ. ತೆಳು ಕೈಗವಸನ್ನು ತೂರಿ ಅದು ಬೆರಳಿಗೆ ಇಳಿದರೆ ಯಾವ ರೋಗಿಯ ಯಾವ ರೋಗವೋ ದೇವರೇ ಬಲ್ಲ. ಆರು ತಿಂಗಳು ರಕ್ತಪರೀಕ್ಷೆ ಮಾಡಿಸುತ್ತಾ, ಗಂಡನ ಹತ್ತಿರ ಸುಳಿಯದೆ, ಮಕ್ಕಳಿಗೆ ಮುತ್ತು ಕೊಡದೆ ಇರಬೇಕು. ಅಪಘಾತದ ಪುಸ್ತಕದಲ್ಲಿ ಒಂದೂವರೆ ವರ್ಷದಲ್ಲಿ ಮೊದಲೆರಡು ಮೇಜಿನವರ ಹೆಸರು ಒಂಬತ್ತು ಸಲ ಇತ್ತು. ಮೂರನೆಯ ಮೇಜಿನ ದೊಡ್ಡಕ್ಕನ ಹೆಸರು ಒಂದು ಸಲವೂ ಇರಲಿಲ್ಲ. ದೊಡ್ಡಕ್ಕ ಎಂದರೆ ಇಡೀ ಕಾರ್ಖಾನೆಗೆ ಹಳಬಳು, ಐವತ್ತಾರು ವರ್ಷದವಳು, ಯಾರ ತಂಟೆಗೂ ಹೋಗದವಳು. ಇದು ಹೇಗೆ ಎಂದು ಮ್ಯಾನೇಜರು ಕೇಳಿದಾಗಲೇ ಅವನು ಮೊದಲ ಬಾರಿಗೆ ಆ ಮೇಜಿನ ಕಡೆ ಸರಿಯಾಗಿ ನೋಡಿದ್ದು.

ಅದು ಮೂರು ವಾರದ ಹಿಂದಿನ ಮಾತು. ಊಟದ ಹೊತ್ತಿನಲ್ಲಿ ಅವಳ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತಿದ್ದ. ಎದುರಿನವರು ಮಾತು ನಿಲ್ಲಿಸಿದ ಮೇಲೆ ನೀವು ತಕ್ಷಣ ಬಾಯಿ ಹಾಕಬೇಡಿ, ಮನಸ್ಸಿನಲ್ಲೇ ನಾಲ್ಕು ಎಣಿಸಿ, ಆ ಮೌನದಲ್ಲಿ ಅವರ ಮನಸ್ಸಿನ ಒಳಗಿನದ್ದು ಹೊರಗೆ ಬರುತ್ತದೆ ಎಂದು ತರಬೇತಿಯಾಕೆ ಹೇಳಿಕೊಟ್ಟಿದ್ದಳು. ಎಣಿಸಿದ. ಆಶ್ಚರ್ಯ, ಬಂತು. ದೊಡ್ಡಕ್ಕ ಮೊದಲು ಅಳುಕಿದಳು, ಆಮೇಲೆ ಎದ್ದುನಿಂತು ತೋರಿಸಿದಳು. ಅವಳು ಬೇರೆಯವರ ಹಾಗೆ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕುತ್ತಿರಲಿಲ್ಲ. ಕೊಕ್ಕೆಗೆ ತೂಗುಹಾಕಿ, ಒಂದೊಂದೇ ಬಟ್ಟೆಯನ್ನು ಎಳೆದು, ಓರೆಯಾಗಿ ಇಟ್ಟ ಹಳೆಯ ತಗಡೊಂದರ ಮೇಲೆ ಕೊಡವುತ್ತಿದ್ದಳು. ಬಿದ್ದದ್ದನ್ನು ಎತ್ತಲು ಕೋಲಿನ ತುದಿಗೆ ಕೆಟ್ಟ ಸ್ಪೀಕರಿನ ಅಯಸ್ಕಾಂತ ಕಟ್ಟಿದ್ದಳು. ಪಕ್ಕದಲ್ಲಿ ಒಂದು ಇಕ್ಕಳ. ತಗಡಿನ ಬಗ್ಗೆ ಏನೋ ಉದ್ದಕ್ಕೆ ಹೇಳುತ್ತಿದ್ದಳು. ಅವನ ಕಣ್ಣು ಅಯಸ್ಕಾಂತದ ಮೇಲಿತ್ತು, ಅವನ ತಲೆ ತಾನಾಗಿ ಆಡುತ್ತಿತ್ತು, ಒಳಗೆ ಆಗಲೇ ಆ ಕೋಣೆಯ ಕಿಟಕಿ ತೆರೆದುಕೊಂಡಿತ್ತು. "ಇದನ್ನ ಯಾಕೆ ಮಾಡ್ಕೊಂಡ್ರಿ ದೊಡ್ಡಕ್ಕ?" ಎಂದು ಕೇಳಿ ಮತ್ತೆ ನಾಲ್ಕು ಎಣಿಸಿದ. ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ನಿಮ್ ಹತ್ರ ಮುಚ್ಚಿಡೋದೇನು ಸಾರ್. ಎರಡು ವರ್ಷದಿಂದ ಕಣ್ಣು ಮಂಜು. ಬಿಳಿ ಬಟ್ಟೆ ಮೇಲೆ ಸೂಜಿ ಬಿದ್ರೆ ನಂಗೆ ಕಾಣಲ್ಲ. ವಾಸಿಯಾಗೋ ಥರದ್ದಲ್ಲ ಅಂದ್ರು ಡಾಕ್ಟ್ರು. ಇನ್ನು ಒಂದೂವರೆ ವರ್ಷ ಹೇಗಾದ್ರೂ ತಳ್ಳಿದ್ರೆ ಪಿಂಚಣಿ ಸಿಗತ್ತೆ. ನಡುವೆ ಬಿಡಿಸಿದ್ರೆ ಏನೂ ಇಲ್ಲ. ಯಾರಿಗೂ ಹೇಳ್ಬೇಡಿ." ಅವನು ಎದೆಯ ಮೇಲೆ ಕೈ ಇಟ್ಟುಕೊಂಡ. ಅದನ್ನೂ ಹೇಳಿಕೊಟ್ಟಿದ್ದರು. "ಅಯ್ಯೋ, ನನ್ನ ಅಕ್ಕನ ಹಾಗೆ ನೀವು" ಎಂದ. ಹೇಳುವಾಗ ಕಣ್ಣಲ್ಲಿ ನೀರೂ ಬಂತು, ಸುಳ್ಳಲ್ಲ. ಬೇಕೆಂದಾಗ ಬರುವ ನೀರು ನಿಜವೋ ಸುಳ್ಳೋ ಎಂದು ಅವನಿಗೇ ಯಾವತ್ತೂ ಗೊತ್ತಾಗಿಲ್ಲ.

ಆ ಸಂಜೆಯೇ ಅರ್ಜಿ ಬರೆದ. ಬರೆಯುವಾಗ ಬೇಸರ ಆಗಲಿಲ್ಲವೆಂದಲ್ಲ. ಆದರೆ ಅವಳು ಹೇಗೂ ತನ್ನ ಹೆಸರು ಹಾಕಿಕೊಳ್ಳುವ ಹಾಗಿರಲಿಲ್ಲ. ಯಾಕೆ ಹೊಳೆಯಿತು ಎಂದು ಕೇಳಿದರೆ ಕಣ್ಣಿನ ವಿಷಯ ಹೊರಗೆ ಬೀಳುತ್ತದೆ. ಹಾಗಾದರೆ ಇದು ಯಾರಿಗೂ ಸೇರದ ವಸ್ತು, ದಾರಿಯಲ್ಲಿ ಬಿದ್ದದ್ದು, ತಾನು ಎತ್ತಿಕೊಂಡರೆ ಅವಳ ಗುಟ್ಟೂ ಉಳಿಯುತ್ತದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಇಷ್ಟು ಅಚ್ಚುಕಟ್ಟಾಗಿ ಯೋಚಿಸಬಲ್ಲ ತನ್ನ ತಲೆಯ ಬಗ್ಗೆ ಅವನಿಗೆ ಹೆಮ್ಮೆ ಆಯಿತು, ಒಂದಿಷ್ಟು ಹೇಸಿಗೆಯೂ ಆಯಿತು. ಅವಳ ವಕ್ರ ತಗಡನ್ನು ಹಾಗೇ ತೋರಿಸಿದರೆ ಗುಜರಿ ಸಾಮಾನಿನಂತೆ ಕಾಣುತ್ತದೆಂದು ಹೊಸ ತಟ್ಟೆ ಮಾಡಿಸಿದ. ಸ್ಟೀಲಿನದು, ಮೂಲೆಗಳು ದುಂಡಗೆ, ಒಳಗೆಲ್ಲ ದಪ್ಪ ಕಪ್ಪು ರಬ್ಬರಿನ ಹಾಸು. ಇಡೀ ದಿನ ಟಣಟಣ ಸದ್ದು ಕೇಳಿ ಹೆಂಗಸರ ತಲೆ ಸಿಡಿಯುತ್ತದೆ, ರಬ್ಬರಿದ್ದರೆ ಕಿವಿಗೆ ಹಿತ ಎಂದು ಅರ್ಜಿಯಲ್ಲಿ ಒಂದು ಸಾಲು ಸೇರಿಸಿದ. ಆ ಸಾಲಿನ ಕೆಳಗೆ ಮ್ಯಾನೇಜರು ಎರಡು ಗೆರೆ ಎಳೆದಿದ್ದರಂತೆ. ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಏನೋ ಹೇಳಿ ನಿಲ್ಲಿಸಿದಳು. ಅವನು ಸುಮ್ಮನಿದ್ದ. "ನಾನು ಮಾತು ಮುಗಿಸಿದ ಮೇಲೆ ನೀವು ಎಣಿಸ್ತೀರ" ಎಂದಳು. "ತುಟಿ ಅಲ್ಲಾಡತ್ತೆ." ಊಟದ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅಂದಿನಿಂದ ತುಟಿ ಅಲ್ಲಾಡದಂತೆ ಎಣಿಸುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡ.

ಹನ್ನೊಂದು ಹೊಡೆದು ಐದು ನಿಮಿಷಕ್ಕೆ ಅವರು ಬಂದರು. ಮುಂದೆ ಮಾಲೀಕರು, ಮೂಗಿಗೆ ಕರವಸ್ತ್ರ. ಹಿಂದೆ ಮ್ಯಾನೇಜರು, ಕರವಸ್ತ್ರ ಹಿಡಿಯಬೇಕೆಂದಿದ್ದರೂ ಹಿಡಿಯಲಾರದೆ ಉಸಿರು ಕಟ್ಟಿಕೊಂಡವರು. ಪಕ್ಕದಲ್ಲಿ ತರಬೇತಿಯಾಕೆ, ವಾಸನೆಯೇ ಬಾರದವಳಂತೆ ನಗುತ್ತ. ಮೂರೂ ಹೆಂಗಸರು ಗೋಡೆಗೆ ಸಾಲಾಗಿ ನಿಂತರು. ದೊಡ್ಡಕ್ಕ ಕೊನೆಯಲ್ಲಿದ್ದಳು, ಕೈ ಕಟ್ಟಿಕೊಂಡು, ಹೊಸ ತಟ್ಟೆ ಇರುವ ದಿಕ್ಕಿಗೆ ಮುಖ ಮಾಡಿ. ಅವಳು ತನ್ನನ್ನು ನೋಡುತ್ತಿದ್ದಾಳೆ ಎಂದು ಅನಿಸಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಅವನ ಕೈ ಅಂಗಿಯ ಕಾಲರಿಗೆ ಹೋಯಿತು. ನಿಜಕ್ಕೂ ಅವಳಿಗೆ ಇಷ್ಟು ದೂರಕ್ಕೆ ಏನೂ ಕಾಣುವುದಿಲ್ಲ ಎಂದು ಆಮೇಲೆ ನೆನಪಾಗಿ ಸಮಾಧಾನವಾಯಿತು. ಬೆಳಿಗ್ಗೆ ತಾನೇ ತುಂಬಿಸಿಟ್ಟ ಚೀಲವನ್ನು ಕೊಕ್ಕೆಗೆ ಹಾಕಿ, ಬಟ್ಟೆ ಕೊಡವಿದ. ಎರಡು ಕತ್ತರಿ, ನಾಲ್ಕು ಕ್ಲಿಪ್ಪು ರಬ್ಬರಿನ ಮೇಲೆ ಮೆತ್ತಗೆ ಬಿದ್ದವು. ಅಯಸ್ಕಾಂತದ ಕೋಲು ಆಡಿಸಿದ. ಎಲ್ಲವೂ ಬಂದು ಅಂಟಿಕೊಂಡವು. ಮ್ಯಾನೇಜರು ಚಪ್ಪಾಳೆ ತಟ್ಟಿದರು.

"ನಿಮಗೆ ಇದು ಹೇಗೆ ಹೊಳೀತು?" ಎಂದು ಮಾಲೀಕರು ಕರವಸ್ತ್ರದ ಒಳಗಿನಿಂದ ಕೇಳಿದರು.

ಇದಕ್ಕೆ ಉತ್ತರ ಸಿದ್ಧವಾಗಿತ್ತು. ಒಂದು ದಿನ ಮನೆಯಲ್ಲಿ ಹೆಂಡತಿಯ ಹೊಲಿಗೆ ಸೂಜಿ ಬಿದ್ದುಹೋಯಿತು, ಮಗಳ ಆಟಿಕೆಯ ಅಯಸ್ಕಾಂತದಿಂದ ಎತ್ತಿದೆ, ಆಗ ಹೊಳೆಯಿತು. ಎರಡು ವಾಕ್ಯ ಹೇಳುವಷ್ಟರಲ್ಲಿ ಎದುರಿನ ಮುಖಗಳು ತಣ್ಣಗಾಗುವುದು ಅವನಿಗೆ ಕಾಣಿಸಿತು. ಮಾಲೀಕರು ಗಡಿಯಾರ ನೋಡಿಕೊಂಡರು. ತರಬೇತಿಯಾಕೆಯ ತಲೆ, ಒಂದು ಕಡೆಗೆ ವಾಲಿದ್ದು, ನೆಟ್ಟಗಾಯಿತು. ಅಪ್ಪನ ಕೆಮ್ಮು ಕೇಳಿದವನ ಹಾಗೆ ಅವನ ಮೈಯೆಲ್ಲ ಎಚ್ಚರಗೊಂಡಿತು. ಸೂಜಿಯ ಕತೆ ಇವರಿಗೆ ಸಾಲದು, ಇವರಿಗೆ ಮನುಷ್ಯರು ಬೇಕು, ಒಂದಿಷ್ಟು ಅಳು ಬೇಕು. ಅವನ ಬಾಯಿ ತಾನಾಗಿ ದಾರಿ ಬದಲಿಸಿತು. "ನಿಜ ಹೇಳ್ಬೇಕಂದ್ರೆ ಸಾರ್, ನಮ್ಮಲ್ಲಿ ಒಬ್ಬ ತಾಯಿ ಇದ್ದಾರೆ. ಕಣ್ಣು ಮಂಜಾಗಿದೆ. ಯಾರಿಗೂ ಹೇಳಲ್ಲ, ಸುಮ್ನೆ ದುಡೀತಾರೆ. ಒಂದಿನ ಅವರು ಬಟ್ಟೆಯೊಳಗೆ ಕೈಯಾಡಿಸಿ ಸೂಜಿ ಹುಡುಕ್ತಾ ಇದ್ದದ್ದು ನೋಡಿದೆ. ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ ಸಾರ್." ತರಬೇತಿಯಾಕೆಯ ತಲೆ ಮತ್ತೆ ವಾಲಿತು, ಕಣ್ಣು ತುಂಬಿತು. ಮಾಲೀಕರ ಕರವಸ್ತ್ರ ಮೂಗಿನಿಂದ ಇಳಿಯಿತು. ಆ ಮುಖಗಳು ಅರಳುತ್ತ ಹೋದಂತೆ ಅವನು ಹೇಳುತ್ತ ಹೋದ. ಅವಳ ಬೆರಳುಗಳು ಹೇಗೆ ನಡುಗುತ್ತಿದ್ದವು ಎಂದು ಹೇಳಿದ, ಅವು ನಡುಗಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಇಂಥ ಸುಖ ಅವನಿಗೆ ಹೆಂಡತಿಯ ಪಕ್ಕದಲ್ಲೂ ಸಿಕ್ಕಿರಲಿಲ್ಲ.

"ಯಾರವರು?" ಎಂದು ಮಾಲೀಕರು ಕೇಳಿದರು.

ಅವನು ಹೆಸರು ಹೇಳಲಿಲ್ಲ. ಅಷ್ಟು ಪ್ರಾಮಾಣಿಕತೆ ತನ್ನಲ್ಲಿ ಉಳಿದಿತ್ತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಅವನ ಕಣ್ಣು ಸಾಲಿನ ಕೊನೆಗೆ ಹೋಗಿ ಬಂದಿತ್ತು. ಅರವತ್ತೊಂದು ಅಂಕದ ಮ್ಯಾನೇಜರಿಗೂ ಅದು ಅರ್ಥವಾಯಿತು.

ಮುಂದಿನದೆಲ್ಲ ಬಹಳ ಮೆತ್ತಗೆ ನಡೆಯಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಕಣ್ಣು ಕಾಣದವರನ್ನು ಸೂಜಿಗಳ ನಡುವೆ ಕೂರಿಸುವುದು ಮಾನವೀಯತೆಯಲ್ಲ ಎಂದು ಮಾಲೀಕರು ಹೇಳಿದರು. ನಾಳೆ ಏನಾದರೂ ಆದರೆ ಕಾನೂನು ಕೇಳುತ್ತದೆ ಎಂದೂ ಹೇಳಿದರು, ಅದನ್ನು ಮಾತ್ರ ತುಸು ಸಣ್ಣ ದನಿಯಲ್ಲಿ. ಇವತ್ತಿನಿಂದಲೇ ಅವರಿಗೆ ವಿಶ್ರಾಂತಿ. ಒಂದು ಸನ್ಮಾನ ಮಾಡಿ ಕಳಿಸೋಣ ಎಂದಳು ತರಬೇತಿಯಾಕೆ. ಪಿಂಚಣಿಯ ಮಾತನ್ನು ಯಾರೂ ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಮೂವರೂ ಬಾಗಿಲಾಚೆ ಹೋದ ಮೇಲೆ ಮ್ಯಾನೇಜರು ಹಿಂದಿರುಗಿ ಅವನ ಭುಜ ಮುಟ್ಟಿದರು. "ನೀವೇ ಅವರಿಗೆ ತಿಳಿಸಿಬಿಡಿ. ನಾವು ಹೇಳಿದ್ರೆ ನೋವಾಗತ್ತೆ. ನಿಮಗೆ ಆ ಕಲೆ ಇದೆ."

ದೊಡ್ಡಕ್ಕ ಆಗಲೇ ಏಪ್ರನ್ನಿನ ದಾರ ಬಿಚ್ಚುತ್ತಿದ್ದಳು. ಮಾಲೀಕರ ಮಾತು ಅವಳ ಕಿವಿಗೆ ಬಿದ್ದಿರಲೇಬೇಕು. ಅವನು ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತು, "ದೊಡ್ಡಕ್ಕ, ನಂಗೆ ಹೇಗೆ ಹೇಳ್ಬೇಕು ಗೊತ್ತಾಗ್ತಿಲ್ಲ" ಎಂದು ಶುರುಮಾಡಿದ. ಬೈದಿದ್ದರೆ ಒಳ್ಳೆಯದಿತ್ತು. ಬೈದವರನ್ನು ಸಮಾಧಾನ ಮಾಡುವುದು ಅವನಿಗೆ ಗೊತ್ತು, ಅತ್ತವರನ್ನು ಇನ್ನೂ ಚೆನ್ನಾಗಿ ಗೊತ್ತು. ಅವಳು ಎರಡನ್ನೂ ಮಾಡಲಿಲ್ಲ. ಏಪ್ರನ್ನನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದಳು.

"ಹೇಳೋದೇನೂ ಬೇಡ ಬಿಡಿ ಸಾರ್" ಎಂದಳು. "ಆ ತಟ್ಟೆಗೆ ಏನು ಹಾಕಿಸಿದೀರಿ? ಬಿದ್ದದ್ದು ಕೇಳಿಸಲೇ ಇಲ್ಲ."

"ರಬ್ಬರು. ಸದ್ದು ಆಗಬಾರದು ಅಂತ."

ಅವಳು ಕೈ ನಿಲ್ಲಿಸಿದಳು. ಮೊದಲ ಬಾರಿಗೆ ಅವಳ ಮುಖದಲ್ಲಿ ಏನೋ ಆಯಿತು. ಅದು ಸಿಟ್ಟೆಂದು ಅವನು ಓದಿದ. ಸಿಟ್ಟಲ್ಲ. ಕೂಡುವ ಲೆಕ್ಕವನ್ನೂ ತಪ್ಪು ಮಾಡಿದ ದೊಡ್ಡ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ ಅವಳು ಅವನನ್ನು ನೋಡುತ್ತಿದ್ದಳು.

"ಸದ್ದಿಲ್ದೆ ಸೂಜಿ ಹೇಗೆ ಗೊತ್ತಾಗತ್ತೆ? ಅಯಸ್ಕಾಂತ ಕತ್ತರಿ, ಕ್ಲಿಪ್ಪು ಹಿಡಿಯತ್ತೆ ಅಷ್ಟೆ. ಇಂಜೆಕ್ಷನ್ ಸೂಜಿ ಅದಕ್ಕೆ ಅಂಟಲ್ಲ. ಅದು ತಗಡಿನ ಮೇಲೆ ಟಿಣ್ ಅನ್ನತ್ತೆ. ಎಲ್ಲಿ ಅಂದಿತೋ ಅಲ್ಲಿ ಇಕ್ಕಳ ಹಾಕಿ ಎತ್ಬೇಕು. ನನ್ನ ಕೆಲಸ ಎಲ್ಲಾ ಕಿವೀಲಿ ಇತ್ತು ಸಾರ್. ಇದನ್ನೆಲ್ಲ ಅವತ್ತೇ ನಿಮಗೆ ಹೇಳಿದ್ದೆ."

"ಹೇಳಿದ್ರಾ?"

"ನೀವು ತಲೆ ಆಡಿಸ್ತಾ ಇದ್ರಿ" ಎಂದಳು. ಮಡಿಸಿದ ಏಪ್ರನ್ನನ್ನು ಅವನ ತೊಡೆಯ ಮೇಲೆ ಇಟ್ಟು, ಗೋಡೆಯನ್ನು ಬೆರಳಿನಿಂದ ಸವರುತ್ತ ಹೊರಗೆ ನಡೆದಳು. ಬಾಗಿಲ ಬಳಿ ನಿಂತು, ಹುಡುಗಿಯರಿಗೆ ಹಳೇ ತಗಡನ್ನೇ ಹಾಕಿಕೊಡಿ ಎಂದಳು. ಅದು ತನಗೆ ಹೇಳಿದ್ದೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹಳೇ ತಗಡನ್ನು ಅವನು ಇವತ್ತು ಹೊಸ ತಟ್ಟೆ ಇಡಿಸುವಾಗಲೇ ಗುಜರಿಯ ಗಾಡಿಗೆ ಹಾಕಿಸಿದ್ದ.

ಓಡಿಹೋಗಿ ಹೇಳಿಬಿಡಬೇಕು ಎಂದು ಅವನು ಮೆಟ್ಟಿಲು ಹತ್ತಿದ್ದು ನಿಜ. ರಬ್ಬರು ತೆಗೆಸಿ, ತಗಡು ಹಾಕಿಸಿ, ಇಷ್ಟೇ ತಾನೆ ಹೇಳಬೇಕಾದದ್ದು. ಆದರೆ ಯಾಕೆ ಎಂದು ಕೇಳುತ್ತಾರೆ. ನೀವೇ ಕಂಡುಹಿಡಿದದ್ದು ನಿಮಗೇ ಗೊತ್ತಿರಲಿಲ್ಲವೆ ಎಂದು ಕೇಳುತ್ತಾರೆ. ಒಂದು ದಾರ ಎಳೆದರೆ ಇಡೀ ಸೀರೆ ಬಿಚ್ಚಿಕೊಳ್ಳುತ್ತದೆ. ಒಂಬತ್ತನೆಯ ಮೆಟ್ಟಿಲಲ್ಲಿ ಮ್ಯಾನೇಜರೇ ಎದುರಾದರು. "ಹೇಳಿದ್ರಾ? ಅತ್ತರಾ?" ಎಂದು ಕೇಳಿದರು. ಇಲ್ಲ ಎಂದ. "ನೋಡಿ, ಅದಕ್ಕೇ ನಿಮ್ಮನ್ನ ಕಳಿಸಿದ್ದು" ಎಂದು ಬೆನ್ನು ತಟ್ಟಿದರು. ಸೋಮವಾರದಿಂದ ಮೇಲಿನ ಕೋಣೆ ನಿಮ್ಮದು, ಫಲಕಕ್ಕೆ ಹೇಳಿಯಾಗಿದೆ. ಉಳಿದ ಮೇಜುಗಳಿಗೂ ರಬ್ಬರಿನ ತಟ್ಟೆಗೆ ಹೇಳಿಯಾಗಿದೆ, ಮಾಲೀಕರ ಇನ್ನೊಂದು ಕಾರ್ಖಾನೆಗೂ ಸೇರಿಸಿ ಹನ್ನೆರಡು. "ಏನೋ ಹೇಳೋಕೆ ಬಂದ ಹಾಗಿತ್ತು?" ಮ್ಯಾನೇಜರ ಮುಖ ಅಗಲವಾಗಿ, ದಡ್ಡತನದಿಂದ, ಪ್ರೀತಿಯಿಂದ ಹೊಳೆಯುತ್ತಿತ್ತು. ಇಷ್ಟು ಸುಲಭವಾಗಿ ಮೋಸಹೋಗುವ ಮುಖವನ್ನು ಕಂಡು ಅವನಿಗೆ ಉಗಿಯಬೇಕೆನಿಸಿತು. ಅಲ್ಲಿ ಉಗಿದರೆ ಅದು ಯಾರ ಮೇಲೆ ಬೀಳುತ್ತದೆ ಎಂಬುದೂ ಗೊತ್ತಿತ್ತು. "ಥ್ಯಾಂಕ್ಸ್ ಹೇಳೋಣ ಅಂತ ಬಂದೆ ಸಾರ್" ಎಂದ.

ಮಧ್ಯಾಹ್ನದ ಲಾರಿ ಬಂದು ಹೋಗಿತ್ತು. ಮೂರನೆಯ ಮೇಜಿಗೆ ಮೊದಲ ಮೇಜಿನ ಹುಡುಗಿಯನ್ನು ಕಳಿಸಿದ್ದರು. ಹೋದ ವರ್ಷ ಸೂಜಿ ಚುಚ್ಚಿಸಿಕೊಂಡು ಆರು ತಿಂಗಳು ಮಗುವನ್ನು ಎತ್ತಿಕೊಳ್ಳದೆ ಇದ್ದವಳು ಅವಳೇ. ಅವಳು ಚೀಲವನ್ನು ಕೊಕ್ಕೆಗೆ ಹಾಕಿ, ಚಾದರಗಳನ್ನು ಒಂದೊಂದಾಗಿ ಎಳೆದು, ತೋರಿಸಿಕೊಟ್ಟ ಹಾಗೆಯೇ ರಬ್ಬರಿನ ಮೇಲೆ ಎರಡೆರಡು ಸಲ ಕೊಡವಿ, ತಟ್ಟೆಯ ಒಂದು ಬದಿಗೆ ರಾಶಿ ಹಾಕಿದಳು. ಬಾಗಿಲಲ್ಲಿ ನಿಂತ ಅವನು ಉಸಿರು ಹಿಡಿದು ಕಿವಿಗೊಟ್ಟ. ಆಚೆಯ ಯಂತ್ರಗಳ ಗುಡುಗುಡು ಬಿಟ್ಟರೆ ಏನೂ ಕೇಳಿಸಲಿಲ್ಲ. ಏನೂ ಬೀಳಲಿಲ್ಲವೋ, ಬಿದ್ದದ್ದು ಕೇಳಲಿಲ್ಲವೋ. ಅವಳು ಅಯಸ್ಕಾಂತದ ಕೋಲನ್ನು ಒಮ್ಮೆ ಆಡಿಸಿ, ಅದಕ್ಕೆ ಏನೂ ಅಂಟದ್ದನ್ನು ಕಂಡು ಸಂತೋಷದಿಂದ ತಲೆ ಎತ್ತಿದಳು.

"ತುಂಬಾ ಚೆನ್ನಾಗಿದೆ ಸಾರ್, ಒಂಚೂರು ಗಲಾಟೆ ಇಲ್ಲ. ನಮ್ಮ ಕಷ್ಟ ಅರ್ಥ ಮಾಡ್ಕೊಳೋರು ನೀವೊಬ್ರೇ" ಎಂದಳು. ಅವನು ಅಲ್ಲೇ ನಿಂತದ್ದನ್ನು ಕಂಡು, "ಏನಾದ್ರೂ ಹೇಳ್ಬೇಕಿತ್ತಾ ಸಾರ್?" ಎಂದು ಕೇಳಿದಳು.

"ಏನಿಲ್ಲಮ್ಮ, ನೀನು ಮಾಡು" ಎಂದ.

ಅವಳು ನಕ್ಕು, ಎರಡೂ ಕೈಗಳನ್ನು ಬಟ್ಟೆಯ ರಾಶಿಯ ಕೆಳಗೆ ಮೊಣಕೈವರೆಗೂ ತೂರಿಸಿದಳು.